ಮಿತವ್ಯಯದಲ್ಲಿ ಆಟದ ಗಣಕಯಂತ್ರ: ಬಿಡಿಭಾಗಗಳನ್ನು ಆರಿಸುವ ಕ್ರಮ

ಹಳಬರ ಬಾಯಲ್ಲಿ ಇಂದಿಗೂ ಮೌಂಟ್ ರೋಡ್ ಆಗಿಯೇ ಉಳಿದಿರುವ ಅಣ್ಣಾ ಸಾಲೈನಿಂದ ಚಿಂತಾದ್ರಿಪೇಟೆಯ ಕಡೆಗೆ ಹೊರಳಿದರೆ ರಿಚಿ ಬೀದಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಚೆನ್ನೈನವರಿಗೆ ಇದು ಹಾಗೆ. ಒಂದು ಕಾಲಕ್ಕೆ ರೇಡಿಯೋ ಬಿಡಿಭಾಗಗಳಿಗೆ ಹೆಸರಾಗಿದ್ದ ಈ ಬೀದಿಯಲ್ಲಿಯೂ ಪಕ್ಕದ ನರಸಿಂಗಪುರಂ ಬೀದಿಯಲ್ಲಿಯೂ ಈಗ ಗಣಕಯಂತ್ರದ ಸಾಮಾನುಗಳ ಅಂಗಡಿಗಳು ಕಿಕ್ಕಿರಿದಿವೆ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಮೇಲೆ ಇಲ್ಲಿ ಕಾಣಸಿಗುವ ದೃಶ್ಯವೊಂದುಂಟು. ಮಗನ ಕೈಯಲ್ಲಿ ಬೇಕುಬೇಡಗಳ ಚೀಟಿ. ತಂದೆಯ ಜೇಬಿನಲ್ಲಿ ವರ್ಷವೆಲ್ಲ ಕೂಡಿಟ್ಟ ಒಂದು ನಿಗದಿಯಾದ ಮೊತ್ತ. ಇಬ್ಬರ ನಡುವೆ ಅಂಗಡಿಯವನ ಕೊಟೇಶನ್. ಆ ಕೊಟೇಶನ್ನಿನ ಮೊದಲ ಸಾಲಿನಲ್ಲಿ ದೊಡ್ಡ ಹೆಸರಿನ ಪ್ರೊಸೆಸರು, ಕಡೆಯ ಸಾಲಿನಲ್ಲಿ ಬಣ್ಣಬಣ್ಣದ ದೀಪಗಳ ಕ್ಯಾಬಿನೆಟ್ಟು ಇರುತ್ತವೆ. ನಡುವೆ ಎಲ್ಲಿಯೋ, ಕಂಪನಿಯ ಹೆಸರೂ ಇಲ್ಲದೆ, ‘ಎಸ್.ಎಂ.ಪಿ.ಎಸ್. ಒಂದು’ ಎಂದು ಬರೆದಿರುತ್ತದೆ. ಮನೆಗೆ ಬಂದ ಯಂತ್ರ ಎಷ್ಟು ಕಾಲ ಬಾಳುತ್ತದೆಂಬುದು ಬಹುಮಟ್ಟಿಗೆ ಈ ಹೆಸರಿಲ್ಲದ ವಸ್ತುವಿನ ಮೇಲೆಯೇ ನಿಂತಿದೆ.

ಗಣಕಯಂತ್ರವನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸುವುದು ಈಗ ಬ್ರಹ್ಮವಿದ್ಯೆಯಲ್ಲ. ಮುಖ್ಯ ಭಾಗಗಳು ಏಳು. ಒಂದು ಸ್ಕ್ರೂಡ್ರೈವರು, ಒಂದು ಭಾನುವಾರದ ಮಧ್ಯಾಹ್ನ, ಸ್ವಲ್ಪ ತಾಳ್ಮೆ ಇದ್ದರೆ ಹದಿನಾರರ ಹುಡುಗನೂ ಮಾಡಬಲ್ಲ. ಕಷ್ಟವಿರುವುದು ಹಣದ ಹಂಚಿಕೆಯಲ್ಲಿ. ಪ್ರೊಸೆಸರಿನಿಂದ ಆರಂಭಿಸಿ ಉಳಿದ ಹಣದಲ್ಲಿ ಮಿಕ್ಕದ್ದನ್ನು ಹೊಂದಿಸುವುದು ಅಂಗಡಿಯ ಕ್ರಮ. ಯಾವ ಆಟ, ಎಂಥ ಪರದೆ ಎಂಬುದರಿಂದ ಆರಂಭಿಸಿ ಹಿಂದಕ್ಕೆ ಬರುವುದು ಸರಿಯಾದ ಕ್ರಮ.

ಪರದೆಯ ಮೇಲಿನ ಚಿತ್ರವು ಚುಕ್ಕೆಗಳ ರಂಗೋಲಿ. 1920×1080 ಅಳತೆಯ ಸಾಮಾನ್ಯ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿವೆ. 2560×1440ರ ಪರದೆಯಲ್ಲಿ ಅವು 36 ಲಕ್ಷ 86 ಸಾವಿರವಾಗುತ್ತವೆ. ‘ಫೋರ್ ಕೆ’ ಎನ್ನುವ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ಮೊದಲನೆಯದರ ನಾಲ್ಕು ಪಾಲು. ಆಟ ನಡೆಯುವಾಗ ಈ ರಂಗೋಲಿಯನ್ನು ಸೆಕೆಂಡಿಗೆ ಅರವತ್ತು ಬಾರಿ ಅಳಿಸಿ ಹೊಸದಾಗಿ ಹಾಕಬೇಕು. 144 ಹರ್ಟ್ಸ್ ಪರದೆಯಾದರೆ 144 ಬಾರಿ. ಈ ದುಡಿಮೆಯ ಬಹುಭಾಗ ಗ್ರಾಫಿಕ್ಸ್ ಕಾರ್ಡಿನದು. ಆದಕಾರಣ ಮಧ್ಯಮ ವರ್ಗದ ಕುಟುಂಬ 1920×1080ರ ಪರದೆಯಲ್ಲಿಯೇ ತೃಪ್ತಿಪಡುವುದು ಲೇಸು. ಪರದೆ ದೊಡ್ಡದಾದಂತೆ ಕಾರ್ಡಿನ ಬೆಲೆಯೂ ಏರುತ್ತದೆ.

ಆಟಗಳಲ್ಲಿಯೂ ಭೇದವಿದೆ. ಹುಡುಗರು ಕೂಟ ಕಟ್ಟಿಕೊಂಡು ಆಡುವ ‘ವ್ಯಾಲರಂಟ್’, ‘ಕೌಂಟರ್ ಸ್ಟ್ರೈಕ್ 2’ ಮುಂತಾದವು ಕಾರ್ಡಿಗೆ ಹಗುರ. ಅವುಗಳ ವೇಗ ಹೆಚ್ಚಾಗಿ ಪ್ರೊಸೆಸರನ್ನು ಅವಲಂಬಿಸಿದೆ. 2020ರಲ್ಲಿ ಬಂದ ‘ಸೈಬರ್‌ಪಂಕ್ 2077’ರಂಥ ದೃಶ್ಯವೈಭವದ ಆಟಗಳು ಕಾರ್ಡಿನ ಬೆವರಿಳಿಸುತ್ತವೆ. ಮಗ ಮೊದಲನೆಯ ಬಗೆಯನ್ನಷ್ಟೇ ಆಡುವವನಾದರೆ ಕಾರ್ಡಿನ ಮೇಲೆ ದೊಡ್ಡ ಮೊತ್ತವನ್ನು ಸುರಿಯುವುದು ವ್ಯರ್ಥ. ಇದನ್ನು ಅಂಗಡಿಗೆ ಹೋಗುವ ಮೊದಲೇ, ಊಟದ ಹೊತ್ತಿನಲ್ಲಿ, ಮಗನನ್ನೇ ಕೇಳಿ ತಿಳಿಯಬೇಕು.

1957ರಲ್ಲಿ ಆಣೆಗಳು ಹೋಗಿ ನಯಾಪೈಸೆ ಬಂದಿತಾದರೂ ಹಂಚಿಕೆಗೆ ಹಳೆಯ ಲೆಕ್ಕವೇ ಅನುಕೂಲ. ಪರದೆ, ಕೀಲಿಮಣೆಗಳನ್ನು ಬಿಟ್ಟು ಪೆಟ್ಟಿಗೆಗಷ್ಟೇ ತೆಗೆದಿಟ್ಟ ಹಣವನ್ನು ಹದಿನಾರಾಣೆ ಎಂದುಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಆರಾಣೆ, ಪ್ರೊಸೆಸರಿಗೆ ಮೂರಾಣೆ, ಮದರ್‌ಬೋರ್ಡಿಗೆ ಎರಡಾಣೆ, ರ‍್ಯಾಮ್‌ಗೆ ಒಂದೂವರೆ, ಎಸ್.ಎಸ್.ಡಿ.ಗೆ ಒಂದೂಕಾಲು, ಎಸ್.ಎಂ.ಪಿ.ಎಸ್.ಗೆ ಒಂದೂಕಾಲು, ಕ್ಯಾಬಿನೆಟ್ಟಿಗೆ ಒಂದಾಣೆ. ಇದು ಶಾಸನವಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮ್‌ನ ಬೆಲೆ ಹಲವು ಪಟ್ಟು ಏರಿ ಈ ಬಗೆಯ ಲೆಕ್ಕಗಳನ್ನೆಲ್ಲ ಬುಡಮೇಲು ಮಾಡಿತು. ಅಂಥ ಸಂದರ್ಭದಲ್ಲಿ ಕಾರ್ಡಿನಿಂದಲೋ ಪ್ರೊಸೆಸರಿನಿಂದಲೋ ಆಣೆಯೊಂದನ್ನು ಈಚೆಗೆ ಎಳೆಯಬಹುದು. ಎಸ್.ಎಂ.ಪಿ.ಎಸ್.ನ ಪಾಲಿಗೆ ಮಾತ್ರ ಕೈಹಾಕಬಾರದು.

ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳುವಾಗ ಹೆಸರನ್ನಷ್ಟೇ ನೋಡಿದರೆ ಸಾಲದು. ಒಂದೇ ಹೆಸರಿನಲ್ಲಿ ಎರಡು ಬಗೆಯ ಸರಕು ಮಾರುವ ಪದ್ಧತಿ ಈ ವ್ಯಾಪಾರದಲ್ಲಿ ಹಿಂದಿನಿಂದಲೂ ಇದೆ. ‘ಆರ್.ಟಿ.ಎಕ್ಸ್. 3050’ ಎಂಬುದು 8 ಜಿ.ಬಿ. ಮೆಮೊರಿಯೊಡನೆಯೂ ಬಂದಿದೆ, 6 ಜಿ.ಬಿ.ಯೊಡನೆಯೂ ಬಂದಿದೆ, ಎರಡನೆಯದರಲ್ಲಿ ಮೆಮೊರಿಯೊಂದೇ ಅಲ್ಲ, ಲೆಕ್ಕ ಮಾಡುವ ಘಟಕಗಳೂ ಕಡಿಮೆ. 2025ರಲ್ಲಿ ಬಿಡುಗಡೆಯಾದ ‘ಆರ್.ಎಕ್ಸ್. 9060 ಎಕ್ಸ್.ಟಿ.’ ಕಾರ್ಡು 8 ಜಿ.ಬಿ. ಮತ್ತು 16 ಜಿ.ಬಿ. ಎಂಬ ಎರಡು ರೂಪಗಳಲ್ಲಿದೆ. ಸಾಮಾನ್ಯ ಪರದೆಗೆ 8 ಜಿ.ಬಿ. ಇಂದು ಕನಿಷ್ಠ ಪ್ರಮಾಣ. ಹೊಸ ಆಟಗಳಲ್ಲಿ ಕೆಲವು ಅದನ್ನೂ ಮೀರಿ ಕೇಳತೊಡಗಿವೆ. ಆದುದರಿಂದ ಬಿಲ್ಲಿನಲ್ಲಿ ಮೆಮೊರಿಯ ಪ್ರಮಾಣವನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು.

ಪ್ರೊಸೆಸರಿನ ವಿಷಯದಲ್ಲಿ ಜನ ಮೋಸಹೋಗುವುದು ‘ಐ7’ ಎಂಬ ಎರಡಕ್ಷರದಿಂದ. ಇಂಟೆಲ್ ಕಂಪನಿಯ ‘ಐ7’ ಹದಿನೈದು ವರ್ಷಗಳಿಗೂ ಮೀರಿದ ಹೆಸರು; ಅದರ ತಲೆಮಾರು ಯಾವುದೆಂಬುದೇ ಮುಖ್ಯ. 2013ರ ‘ಐ7-4770’ಕ್ಕಿಂತ 2022ರ ‘ಐ3-12100’ ವೇಗದಲ್ಲಿ ಬಹಳ ಮುಂದಿದೆ, ಎರಡರಲ್ಲಿಯೂ ಇರುವುದು ನಾಲ್ಕೇ ಕೋರುಗಳಾದರೂ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಾಮಾನ್ಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ‘ಐ7’ ತಂದವರು ವರ್ಷದೊಳಗೆ ಬೋರ್ಡು, ರ‍್ಯಾಮ್ ಸಮೇತ ಎಲ್ಲವನ್ನೂ ಬದಲಿಸಬೇಕಾದೀತು. ಹೆಸರಿನ ಕಡೆಯ ಅಕ್ಷರವನ್ನೂ ಗಮನಿಸಬೇಕು. ಇಂಟೆಲ್‌ನಲ್ಲಿ ‘ಎಫ್’ ಎಂದಿದ್ದರೆ ಅದರಲ್ಲಿ ಚಿತ್ರ ತೋರಿಸುವ ಅಂಗವೇ ಇಲ್ಲ. ಪ್ರತ್ಯೇಕ ಕಾರ್ಡಿಲ್ಲದೆ ಪರದೆ ಕಪ್ಪಾಗಿಯೇ ಇರುತ್ತದೆ.

ಕೈಯಲ್ಲಿ ಹಣ ತೀರ ಕಡಿಮೆಯಿದ್ದರೆ ಒಂದು ಮಾರ್ಗವಿದೆ. ಎ.ಎಂ.ಡಿ. ಕಂಪನಿಯ ‘ರೈಜನ್ 5 8600ಜಿ’ಯಂತಹ, ‘ಜಿ’ ಅಕ್ಷರದಿಂದ ಕೊನೆಗೊಳ್ಳುವ ಪ್ರೊಸೆಸರುಗಳಲ್ಲಿ ಒಂದು ಮಟ್ಟದ ಗ್ರಾಫಿಕ್ಸ್ ಒಳಗೇ ಇದೆ. ಹಗುರ ಆಟಗಳು ಅದರಲ್ಲಿ ಸಾಗುತ್ತವೆ. ಆರಂಭದಲ್ಲಿ ಆರಾಣೆಯ ಕಾರ್ಡನ್ನು ಕೈಬಿಟ್ಟು, ಹಣ ಕೂಡಿದಾಗ, ಮುಂದಿನ ದೀಪಾವಳಿಗೋ ಅದರ ಮುಂದಿನದಕ್ಕೋ ಸೇರಿಸಿಕೊಳ್ಳಬಹುದು. ಆಟದ ಯಂತ್ರಕ್ಕಾಗಿ ತಿಂಗಳ ಕಂತಿನ ಸಾಲ ಎತ್ತುವುದಕ್ಕಿಂತ ಇದು ಎಷ್ಟೋ ಮೇಲು; ಕಂತು ಮುಗಿಯುವಷ್ಟರಲ್ಲಿ ವಸ್ತುವಿನ ಬೆಲೆ ಅರ್ಧಕ್ಕಿಳಿದಿರುತ್ತದೆ. ಆದರೆ ಹೀಗೆ ಮಾಡುವವರು 16 ಜಿ.ಬಿ. ರ‍್ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿ.ಬಿ.ಯ ಎರಡು ಪಟ್ಟಿಗಳಾಗಿ ಕೊಳ್ಳತಕ್ಕದ್ದು. ಎರಡು ದಾರಿಗಳಲ್ಲಿ ದತ್ತಾಂಶ ಹರಿದಾಗಲೇ ಒಳಗಿನ ಗ್ರಾಫಿಕ್ಸಿಗೆ ಬಲ ಬರುತ್ತದೆ.

ಇನ್ನು ಎಸ್.ಎಂ.ಪಿ.ಎಸ್. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಮುಖ್ಯವಾಗಿ 12 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೂ ಉಣಬಡಿಸುವುದು ಇದರ ಕೆಲಸ. ಅಗ್ಗದ ಘಟಕಗಳಲ್ಲಿ ಅತಿವೋಲ್ಟೇಜು, ಅತಿಪ್ರವಾಹ, ಶಾರ್ಟ್ ಸರ್ಕ್ಯೂಟುಗಳಿಂದ ಕಾಪಾಡುವ ಮಂಡಲಗಳು ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಅಂಥದು ಕೆಡುವಾಗ ತಾನೊಂದೇ ಕೆಡುವುದಿಲ್ಲ. ಆರಾಣೆಯ ಕಾರ್ಡನ್ನೂ ಎರಡಾಣೆಯ ಬೋರ್ಡನ್ನೂ ಜೊತೆಗೆ ಕೊಂಡೊಯ್ಯಬಲ್ಲದು. ಆಗ ಮನೆಯಲ್ಲಿ ದೂರು ಬರುವುದು ಹುಡುಗನ ಮೇಲೆ, ‘ಹಗಲೂ ರಾತ್ರಿ ಆಡಿ ಆಡಿ ಸುಟ್ಟುಬಿಟ್ಟ’ ಎಂದು. ಕಾರಣ ಕೊಟೇಶನ್ನಿನ ನಡುವಿನ ಸಾಲಿನಲ್ಲಿ ಅಡಗಿತ್ತೆಂಬುದು ಯಾರಿಗೂ ಹೊಳೆಯುವುದಿಲ್ಲ.

ಒಳ್ಳೆಯದನ್ನು ಗುರುತಿಸಲು ಗುಣಾಕಾರ ಬಂದರೆ ಸಾಕು. ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಬೇಕು. ‘500 ವ್ಯಾಟ್’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಘಟಕದಲ್ಲಿ 12 ವೋಲ್ಟಿಗೆ 18 ಆಂಪಿಯರ್ ಎಂದಿದ್ದರೆ ನಿಜವಾಗಿ ದೊರೆಯುವುದು 216 ವ್ಯಾಟ್. 550 ವ್ಯಾಟಿನ ಪ್ರಾಮಾಣಿಕ ಘಟಕದಲ್ಲಿ 45 ಆಂಪಿಯರಿನ ಆಸುಪಾಸು, ಅಂದರೆ 540 ವ್ಯಾಟ್ ಇರುತ್ತದೆ. ‘80 ಪ್ಲಸ್’ ಮುದ್ರೆ 2004ರಿಂದ ಬಳಕೆಯಲ್ಲಿದೆ. ಅದು ಹೇಳುವುದು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆಂಬುದನ್ನು. ರಕ್ಷಣೆಯ ಭರವಸೆ ಅದರಲ್ಲಿಲ್ಲ. ಆದುದರಿಂದ ಮುದ್ರೆಯ ಜೊತೆಗೆ ಐದು ವರ್ಷಗಳ ವಾರಂಟಿಯನ್ನೂ ಕೇಳುವುದು ಯುಕ್ತ. 145 ವ್ಯಾಟಿನ ‘ಆರ್.ಟಿ.ಎಕ್ಸ್. 5060’ ಕಾರ್ಡು, ತೊಂಬತ್ತು ವ್ಯಾಟಿನೊಳಗಿನ ಪ್ರೊಸೆಸರು, ಉಳಿದ ಚಿಲ್ಲರೆ ಎಲ್ಲ ಕೂಡಿದರೂ 300 ವ್ಯಾಟಿಗೆ ಮೀರುವುದಿಲ್ಲವಾದ್ದರಿಂದ 550 ವ್ಯಾಟಿನದು ಧಾರಾಳ. ಒಳಗಿನ ನಷ್ಟವನ್ನೂ ಪರದೆಯನ್ನೂ ಸೇರಿಸಿ ಗೋಡೆಯಿಂದ 350 ವ್ಯಾಟ್ ಎಳೆದರೆ, ದಿನಕ್ಕೆ ಎರಡು ಗಂಟೆಯಂತೆ ಅರವತ್ತು ದಿನಗಳಿಗೆ 42 ಯೂನಿಟ್. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಮೀಟರು ಓದಿ ಹಂತಹಂತವಾಗಿ ದರ ಹಾಕುವುದರಿಂದ ಈ 42 ಯೂನಿಟ್ಟುಗಳು ಮೇಲಿನ ಹಂತಕ್ಕೆ ತಳ್ಳುತ್ತವೆಯೇ ಎಂದು ಹಳೆಯ ಬಿಲ್ಲನ್ನು ತೆಗೆದು ನೋಡಬಹುದು.

ಮದರ್‌ಬೋರ್ಡಿನ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಪ್ರೊಸೆಸರಿನ ಸಾಕೆಟ್ಟಿಗೆ ಹೊಂದಬೇಕು. ರ‍್ಯಾಮ್‌ನ ಬಗೆಗೂ ಹೊಂದಬೇಕು. ಡಿ.ಡಿ.ಆರ್. 4 ಪಟ್ಟಿ ಡಿ.ಡಿ.ಆರ್. 5ರ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಎ.ಎಂ.ಡಿ.ಯವರು 2022ರಲ್ಲಿ ತಂದ ‘ಎ.ಎಂ.5’ ಸಾಕೆಟ್ಟಿಗೆ ಡಿ.ಡಿ.ಆರ್. 5 ಮಾತ್ರ ಒಗ್ಗುತ್ತದೆ. ಬೋರ್ಡಿನಲ್ಲಿ ರ‍್ಯಾಮ್‌ಗೆ ನಾಲ್ಕು ಜಾಗಗಳಿದ್ದರೆ ಮುಂದೆ ಸೇರಿಸಲು ಅನುಕೂಲ. ಎಸ್.ಎಸ್.ಡಿ. 500 ಜಿ.ಬಿ.ಗಿಂತ ಕಡಿಮೆಯಿರಬಾರದು, ಒಂದೊಂದು ಆಟವೇ ನೂರು ಜಿ.ಬಿ.ಯನ್ನು ನುಂಗುವ ಕಾಲವಿದು.

ಬಳಸಿದ ಸಾಮಾನು ಕೊಳ್ಳಬಹುದೇ? ಪ್ರೊಸೆಸರಾದರೆ ಕೊಳ್ಳಬಹುದು, ಅದು ಸುಲಭವಾಗಿ ಕೆಡುವ ವಸ್ತುವಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ‘ಎಥೀರಿಯಂ’ ನಾಣ್ಯದ ವ್ಯವಸ್ಥೆ ಬದಲಾಗಿ, ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಗಣಿಗಾರಿಕೆ ಮಾಡುವುದು ನಿಂತಾಗ, ಹಗಲಿರುಳೂ ದುಡಿದಿದ್ದ ಕಾರ್ಡುಗಳು ಲೋಕದ ಎಲ್ಲೆಡೆಯ ಹಳೆಯ ಪೇಟೆಗಳಿಗೆ ಬಂದುಬಿದ್ದವು. ಅರ್ಧ ಗಂಟೆಯಾದರೂ ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ವಾರಂಟಿ ಉಳಿದಿರುವುದನ್ನು ಕಂಡಲ್ಲದೆ ಹಣ ಎಣಿಸಬಾರದು. ಎಸ್.ಎಂ.ಪಿ.ಎಸ್. ಅನ್ನು ಮಾತ್ರ ಹಳೆಯದು ಕೊಳ್ಳಲೇಬಾರದು.

‘ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇನೆ’ ಎಂಬ ಮಾತು ಯಾವ ಪೇಟೆಯಲ್ಲಿಯಾದರೂ ಕೇಳಿಬರಬಹುದು. ಈ ಸಾಮಾನುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ ಹದಿನೆಂಟು, ನಿಜ. ಆದರೆ ಬಿಲ್ ಇಲ್ಲದಿದ್ದರೆ ಮೂರು ವರ್ಷಗಳ ವಾರಂಟಿ ಕೈತಪ್ಪುವ ಸಂಭವವೇ ಹೆಚ್ಚು. ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನೂ ಬಿಲ್ಲಿನ ಮೇಲೆ ಬರೆಯಿಸಿ, ಅಂಗಡಿ ಬಿಡುವ ಮುನ್ನ ಪೆಟ್ಟಿಗೆಯ ಮೇಲಿನದರೊಡನೆ ತಾಳೆ ನೋಡಬೇಕು.

ಕಡೆಯದಾಗಿ ಈ ಊರಿನ ಹವೆ. ಮೇ ತಿಂಗಳಲ್ಲಿ ಕೊಠಡಿಯೇ 35 ಡಿಗ್ರಿಯಿರುವಾಗ ಯಂತ್ರದೊಳಗಿನ ತಾಪ ಅದಕ್ಕೆ ತಕ್ಕಂತೆ ಮೇಲೇರುತ್ತದೆ. ಮುಂಭಾಗ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ಟಿಗಿಂತ ಜಾಲರಿಯದು ಉತ್ತಮ; ಅದರ ಧೂಳನ್ನು ತಿಂಗಳಿಗೊಮ್ಮೆ ಕೊಡವಬೇಕು. ಬೆಸೆಂಟ್ ನಗರ, ತಿರುವಾನ್ಮಿಯೂರುಗಳಂತೆ ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿ ಲೋಹದ ಭಾಗಗಳನ್ನು ತಿನ್ನುವುದರಿಂದ ಯಂತ್ರವನ್ನು ಕಿಟಕಿಯ ಬಳಿ ಇಡತಕ್ಕದ್ದಲ್ಲ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ‘ಮಿಚಾಂಗ್’ ಚಂಡಮಾರುತವನ್ನೂ ನೆಲಮಹಡಿಯಲ್ಲಿ ಕಂಡವರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿಲ್ಲ: ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮೇಲೆಯೇ ಇಡಬೇಕು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬರುವಾಗ ಯು.ಪಿ.ಎಸ್. ನೆರವಾಗುತ್ತದೆ. 600 ವಿ.ಎ. ಎಂಬ ಸಾಮಾನ್ಯ ಯು.ಪಿ.ಎಸ್. ಹೊರಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ, ಆಟದ ಯಂತ್ರಕ್ಕೆ ಅದು ಅಂಚಿನ ಲೆಕ್ಕ, 1000 ವಿ.ಎ.ಯದಾದರೆ ಆಟ ನಿಲ್ಲಿಸಿ ಯಂತ್ರವನ್ನು ಸಾವಕಾಶವಾಗಿ ಆರಿಸುವಷ್ಟು ಸಮಯ ಸಿಗುತ್ತದೆ.