ಆರ್‌ಸಿ ನಿಮ್ಮ ಹೆಸರಲ್ಲಿದ್ದರೆ ಕಸ್ಟಮ್ಸ್‌ನವರು ಕಾರು ಮುಟ್ಟುವಂತಿಲ್ಲವೇ?

ವಿದೇಶಿ ಎಸ್‌ಯುವಿ ಅಗ್ಗಕ್ಕೆ ಇದೆ ಎನ್ನುವ ಮೆಸೇಜುಗಳ ಜೊತೆ ಒಂದು ಭರವಸೆಯೂ ಬರುವುದುಂಟು: "ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿ, ಎಲ್ಲ ಪಕ್ಕಾ." ಇದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ.

2025ರ ಸೆಪ್ಟೆಂಬರ್ 23ರಂದು ಕಸ್ಟಮ್ಸ್ ಇಲಾಖೆ ಕೇರಳದಲ್ಲಿ 'ಆಪರೇಷನ್ ನುಮ್‌ಖೋರ್' ನಡೆಸಿತು. ಭೂತಾನಿನ ಜೋಂಗ್‌ಖಾ ಭಾಷೆಯಲ್ಲಿ ನುಮ್‌ಖೋರ್ ಎಂದರೆ ವಾಹನ. ಸಿನಿಮಾ ನಟರ ಮನೆಗಳೂ ಸೇರಿದಂತೆ ಹಲವೆಡೆ ಶೋಧ ನಡೆದು, 36 ವಾಹನಗಳು ವಶವಾದವು. ಇಲಾಖೆಯ ಪ್ರಕಾರ, ಭೂತಾನಿನಲ್ಲಿ ಓಡಿದ ಗಾಡಿಗಳನ್ನು ಸುಂಕ ಕಟ್ಟದೆ ಗಡಿ ದಾಟಿಸಿ, ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಿನ ನಕಲಿ ದಾಖಲೆ ಕೊಟ್ಟು ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಲಾಗಿತ್ತು. ಅಂದರೆ ಆರ್‌ಸಿ ಇತ್ತು, ನಂಬರ್ ಪ್ಲೇಟೂ ಇತ್ತು.

ಇಷ್ಟು ಕಷ್ಟಪಟ್ಟು ಯಾಕೆ ತರುತ್ತಾರೆ? ಬಳಸಿದ ಕಾರಿನ ಆಮದಿಗೆ ನಿಯಮ ಬಿಗಿ. ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ಮೇಲೆ ಕಾರಿನ ಬೆಲೆಯನ್ನೂ ಮೀರುವ ಸುಂಕ, ತೆರಿಗೆ. ಹದಿನೈದು ವರ್ಷದ ಲ್ಯಾಂಡ್ ಕ್ರೂಸರ್ ಈ ದಾರಿಯಲ್ಲಿ ಬರಲು ಸಾಧ್ಯವೇ ಇಲ್ಲ.

ಆರ್‌ಸಿ ಹೇಳುವುದು ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು. ಸುಂಕ ಕಟ್ಟಿದ್ದಕ್ಕೆ ಅದು ರಸೀದಿಯಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಮುಟ್ಟುಗೋಲು ಬೀಳುವುದು ಅಕ್ರಮವಾಗಿ ಬಂದ ವಸ್ತುವಿನ ಮೇಲೆ. ಹಾಗಾಗಿ ಮೂರನೆಯವರೋ ನಾಲ್ಕನೆಯವರೋ ಆಗಿ, ಪೂರ್ತಿ ದುಡ್ಡು ಕೊಟ್ಟು ಕೊಂಡವರ ಮನೆಯಿಂದಲೂ ಕಾರು ಹೋಗಬಹುದು. ಏನೂ ಗೊತ್ತಿಲ್ಲದೆ ಕೊಂಡವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ.

ವಶವಾದ ತಕ್ಷಣ ಕಾರು ಸರ್ಕಾರದ್ದಾಗಿಬಿಡುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ನಿಮ್ಮ ವಾದ ಕೇಳಬೇಕು. ಅಲ್ಲಿಯವರೆಗೆ ಬಾಂಡ್, ಭದ್ರತೆ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು 110ಎ ಸೆಕ್ಷನ್ ಅಡಿ ಅರ್ಜಿ ಹಾಕಬಹುದು.

ಕೊಳ್ಳುವ ಮೊದಲು ಚಾಸಿ ನಂಬರ್ ನೋಡಿ. ಅದು ಆರ್‌ಸಿಯಲ್ಲಿರುವ ನಂಬರಿಗೆ ತಾಳೆಯಾಗಬೇಕು. ಇಂಗ್ಲಿಷಿನ 'ಜೆ' ಅಕ್ಷರದಿಂದ ಶುರುವಾದರೆ ಗಾಡಿ ಜಪಾನಿನಲ್ಲಿ ತಯಾರಾದದ್ದು. ಭಾರತದಲ್ಲಿ ತಯಾರಾದವು ಸಾಮಾನ್ಯವಾಗಿ 'ಎಮ್'ನಿಂದ ಶುರುವಾಗುತ್ತವೆ. ಹೊರಗೆ ತಯಾರಾದ ಗಾಡಿಯನ್ನು ಕಂಪನಿಯೇ ತಂದು ಮಾರಿದ್ದರೆ ಮೊದಲ ಶೋರೂಂ ಇನ್‌ವಾಯ್ಸ್ ಇರುತ್ತದೆ. ಬೇರೆಯವರು ತರಿಸಿದ್ದರೆ ಕಸ್ಟಮ್ಸ್‌ನ 'ಬಿಲ್ ಆಫ್ ಎಂಟ್ರಿ' ಮತ್ತು ಸುಂಕ ಕಟ್ಟಿದ ಚಲನ್ ಕೇಳಿ. "ಅದು ಹಳೇ ಓನರ್ ಹತ್ತಿರ ಇದೆ, ಆಮೇಲೆ ಕೊಡ್ತೀವಿ" ಎಂದರೆ ಆ ಕಾರು ಬೇಡ.