ಅಟ್ಟದ ಮೇಲಿನ ಗ್ರಾಮಫೋನ್ ತಟ್ಟೆಗಳು: ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿ

ತುಮಕೂರು: ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಅಥವಾ ಊರಿನ ಮನೆಯನ್ನು ಖಾಲಿ ಮಾಡಿ ಬೆಂಗಳೂರು ಸೇರುವಾಗ ಅಟ್ಟದಿಂದ ಕೆಳಗಿಳಿಯುವ ವಸ್ತುಗಳಲ್ಲಿ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯೂ ಒಂದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ನಾಟಕದ ಹುಚ್ಚು ಹತ್ತಿಸಿಕೊಂಡಿದ್ದ ಮನೆತನಗಳು ಕಡಿಮೆಯೇನಲ್ಲ. ಅಂಥ ಮನೆಗಳ ಪೆಟ್ಟಿಗೆಯಲ್ಲಿ ಏನಿದೆ ಎಂದು ತೆರೆದು ನೋಡದೆಯೇ ತೂಕಕ್ಕೆ ಹಾಕುವುದು ಸಾಮಾನ್ಯ. ತೂಕಕ್ಕೆ ಹೋಗುವುದು ಬರಿಯ ಅರಗಿನ ತಟ್ಟೆಯಲ್ಲ. ಬೇರೆಲ್ಲಿಯೂ ಉಳಿದಿರದ ಒಂದು ಕಂಠವೂ ಇರಬಹುದು.

ಹಾಗಾದರೆ ಕೈಗೆ ಸಿಕ್ಕ ರಾಶಿಯನ್ನು ವಿಂಗಡಿಸುವುದು ಹೇಗೆ? ಯಾವುದನ್ನು ಮೊದಲು ಕಾಪಾಡಬೇಕು? ತೊಳೆಯಬಹುದೇ, ನುಡಿಸಬಹುದೇ? ಇವಕ್ಕೆ ಉತ್ತರ ಹುಡುಕುವ ಮುನ್ನ ಈ ತಟ್ಟೆಗಳು ಈ ಸೀಮೆಗೆ ಏಕೆ ಮುಖ್ಯ ಎಂಬುದನ್ನು ತಿಳಿಯಬೇಕು.

ಗುಬ್ಬಿಯ ನಂಟು

ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಮಂಡಳಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ‘ಗುಬ್ಬಿ ಕಂಪನಿ’ ಎಂಬ ಹೆಸರನ್ನು ದಕ್ಷಿಣ ಭಾರತದ ಉದ್ದಗಲಕ್ಕೂ ಹಬ್ಬಿಸಿದರು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರು ನಾಡಿನ ಮನೆಮಾತಾದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. 1972ರಲ್ಲಿ ಪದ್ಮಶ್ರೀ ಗೌರವ ಪಡೆದ ಅವರು ಅದೇ ವರ್ಷ ನಿಧನರಾದರು. ತುಮಕೂರು ನಗರದ ಕಲಾಕ್ಷೇತ್ರ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಕಂಪನಿ ನಾಟಕವೆಂದರೆ ಸಂಗೀತ. ಪಾತ್ರಧಾರಿಗೆ ನಟನೆಯಷ್ಟೇ ಹಾಡುಗಾರಿಕೆಯೂ ಬರಬೇಕಿತ್ತು. ನಾಟಕದ ಹಾಡಿನ ಪುಸ್ತಕಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ಹಾಡಿನ ಸಾಹಿತ್ಯ, ರಾಗ, ತಾಳ, ಯಾವ ಹಾಡಿನ ಮಟ್ಟು ಎಂಬ ಸೂಚನೆ ಸಿಗುತ್ತವೆ. ಆದರೆ ನಟಿ ಪಲ್ಲವಿಯನ್ನು ಹೇಗೆ ಎತ್ತಿಕೊಂಡಳು, ಯಾವ ಸ್ವರದಲ್ಲಿ ನಿಂತಳು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುವಂಥದ್ದು ಆ ಹಾಡಿನಲ್ಲಿ ಏನಿತ್ತು ಎಂಬುದನ್ನು ಪುಸ್ತಕ ಹೇಳಲಾರದು. ಆ ಸಂಗತಿ ಉಳಿದಿದ್ದರೆ ತಟ್ಟೆಯಲ್ಲಿ ಮಾತ್ರ ಉಳಿದಿರಬೇಕು.

ತುಮಕೂರಿಗೆ ಸಮೀಪದ ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತಿದ್ದ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಉದಾಹರಣೆಯನ್ನೇ ನೋಡಬಹುದು. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಅವರು, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಸಂಭಾಷಣೆ ಮತ್ತು ಹಾಡುಗಳನ್ನು ಬರೆದರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರವನ್ನೇ ಉಳಿಸಿಕೊಳ್ಳಲಾಗದ ನಾಡಿನಲ್ಲಿ ಒಂದು ಪೆಟ್ಟಿಗೆ ತಟ್ಟೆಗಳು ಕಣ್ಮರೆಯಾಗುವುದು ಯಾರ ಗಮನಕ್ಕೂ ಬಾರದ ಸಂಗತಿ.

ಮೂರು ನಿಮಿಷದ ಕಾಲ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣ ನಡೆದದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಅಲ್ಲಿಗೆ ಬಂದು ಮುದ್ರಿಸಿಕೊಂಡ ಕಲಾವಿದರಲ್ಲಿ ಗೌಹರ್ ಜಾನ್ ಪ್ರಮುಖರು. ಅವರು ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ನಡೆಯುವ ನಾಟಕದ ಹಾಡನ್ನು ಅಷ್ಟರಲ್ಲಿ ಮುಗಿಸಬೇಕಿತ್ತು. 1925ರ ಸುಮಾರಿಗೆ ವಿದ್ಯುತ್ ಮೈಕಿನ ಮುದ್ರಣ ಬರುವವರೆಗೂ ಕಲಾವಿದರು ದೊಡ್ಡ ತುತ್ತೂರಿಯೊಳಕ್ಕೆ ಬಾಯಿಟ್ಟು ಎತ್ತರದ ದನಿಯಲ್ಲಿ ಹಾಡಬೇಕಿತ್ತು. ಮೈಕಿಲ್ಲದೆಯೇ ಟೆಂಟಿನ ಕೊನೆಯ ಸಾಲಿಗೆ ಕೇಳುವಂತೆ ಹಾಡುತ್ತಿದ್ದ ರಂಗಕಲಾವಿದರಿಗೆ ಇದು ಕಷ್ಟವಾಗಿರಲಾರದು. ರಂಗದಿಂದ ಬಂದ ಬಿ.ಎಸ್. ರಾಜ ಅಯ್ಯಂಗಾರರ ದೇವರನಾಮಗಳ ತಟ್ಟೆಗಳು ಕನ್ನಡ ಮನೆಗಳಲ್ಲಿ ಬಹುಕಾಲ ಜನಪ್ರಿಯವಾಗಿದ್ದವು. ಪುರಂದರದಾಸರ ‘ಜಗದೋದ್ಧಾರನ’ ಅವುಗಳಲ್ಲೊಂದು.

ಮೊದಲ ಹೆಜ್ಜೆ: ಗುರುತು ಹಿಡಿಯುವುದು

ಪೆಟ್ಟಿಗೆ ತೆರೆದೊಡನೆ ತೊಳೆಯುವುದಕ್ಕಾಗಲೀ ನುಡಿಸುವುದಕ್ಕಾಗಲೀ ಕೈಹಾಕಬಾರದು. ಮೊದಲು ತಟ್ಟೆ ಯಾವ ಬಗೆಯದೆಂದು ನೋಡಬೇಕು. ಭಾರವಾಗಿ, ಬಾಗದೆ, ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದು ಕೊಡುವಂಥವು ಅರಗಿನ ತಟ್ಟೆಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಇವು ಕೆಳಗೆ ಬಿದ್ದರೆ ಮಡಕೆಯಂತೆ ಒಡೆಯುತ್ತವೆ. ತೆಳ್ಳಗೆ, ಸ್ವಲ್ಪ ಬಾಗುವಂಥವು ವಿನೈಲ್ ತಟ್ಟೆಗಳು. ಇವುಗಳಲ್ಲಿ ನಿಮಿಷಕ್ಕೆ 33⅓ ಸುತ್ತಿನ ದೊಡ್ಡ ಎಲ್‌ಪಿ ಮತ್ತು 45 ಸುತ್ತಿನ ಚಿಕ್ಕ ತಟ್ಟೆ ಎಂಬ ಎರಡು ವಿಧಗಳಿವೆ. ಒಂದೇ ಮಗ್ಗುಲಲ್ಲಿ ಗೆರೆಗಳಿದ್ದು ಇನ್ನೊಂದು ಮಗ್ಗುಲು ನುಣುಪಾಗಿದ್ದರೆ ಅದು ಬಹಳ ಹಳೆಯದಾಗಿರುವ ಸಾಧ್ಯತೆ ಹೆಚ್ಚು.

ಎರಡನೆಯದಾಗಿ, ನಡುವಿನ ಕಾಗದದ ಚೀಟಿಯ ವಿವರಗಳನ್ನು ಬರೆದುಕೊಳ್ಳಬೇಕು. ಕಂಪನಿಯ ಹೆಸರು, ತಟ್ಟೆಯ ಸಂಖ್ಯೆ, ಕಲಾವಿದರ ಹೆಸರು, ಹಾಡಿನ ಮೊದಲ ಪದಗಳು, ಭಾಷೆ, ಪಕ್ಕವಾದ್ಯ, ‘ನಾಟಕದ ಹಾಡು’, ‘ದೇವರನಾಮ’, ‘ಹಾಸ್ಯ’ ಎಂಬಂಥ ವರ್ಗ ಇವೆಲ್ಲವೂ ಎರಡೂ ಮಗ್ಗುಲಿಗೆ ಪ್ರತ್ಯೇಕವಾಗಿ ಬೇಕು. ಎಚ್‌ಎಂವಿಯ ಅನೇಕ ಭಾರತೀಯ ತಟ್ಟೆಗಳ ಸಂಖ್ಯೆಯ ಹಿಂದೆ ‘ಎನ್’ ಎಂದೂ, ಕೊಲಂಬಿಯಾದ ಅನೇಕ ತಟ್ಟೆಗಳಲ್ಲಿ ‘ಜಿಇ’ ಎಂದೂ ಇರುತ್ತದೆ. ಚೀಟಿಗೂ ಗೆರೆಗಳಿಗೂ ನಡುವಿನ ಖಾಲಿ ಜಾಗದಲ್ಲಿ ಸಣ್ಣದಾಗಿ ಕೊರೆದ ಇನ್ನೊಂದು ಸಂಖ್ಯೆ ಕಾಣಿಸುತ್ತದೆ. ಅದು ಮೂಲ ಅಚ್ಚಿನ ಗುರುತು. ಚೀಟಿ ಹರಿದು ಹೋಗಿದ್ದರೂ ಆ ಸಂಖ್ಯೆಯಿಂದ ಹಾಡನ್ನು ಪತ್ತೆ ಮಾಡಲು ಸಾಧ್ಯವಾಗುವುದುಂಟು. ಬರೆದುಕೊಳ್ಳುವುದರ ಜೊತೆಗೆ ಮೊಬೈಲಿನಲ್ಲಿ ಎರಡೂ ಮಗ್ಗುಲಿನ ಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ.

ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ತಟ್ಟೆಗಳ ಮೇಲಿರುವುದು ‘ಗಾಂಧಾರಿ’ ಎಂಬ ಹೆಸರು. ಇದು ತಿಳಿಯದವರು ಆ ತಟ್ಟೆಯನ್ನು ಯಾರೋ ಅಪರಿಚಿತರದೆಂದು ಬದಿಗಿಡಬಹುದು. ‘ಮಿಸ್’, ‘ಮಾಸ್ಟರ್’ ಎಂಬ ವಿಶೇಷಣಗಳ ಹಿಂದೆ ಮುಂದೆ ಹೆಸರುವಾಸಿಯಾದ ಕಲಾವಿದರು ಇರಬಹುದು. ಆರಂಭದ ಕಾಲದ ತಟ್ಟೆಗಳಲ್ಲಿ ಹಾಡು ಮುಗಿದ ಮೇಲೆ ಕಲಾವಿದರೇ ತಮ್ಮ ಹೆಸರು ಹೇಳುವುದು ಕೇಳಿಸುತ್ತದೆ. ಗೌಹರ್ ಜಾನ್ ಹೀಗೆ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಿದ್ದುದು ಪ್ರಸಿದ್ಧ. ಅಚ್ಚು ಹಾಕಲು ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದುದರಿಂದ, ಅಲ್ಲಿನವರಿಗೆ ಗುರುತು ಸಿಗಲೆಂದು ಈ ಪದ್ಧತಿ ಇತ್ತು.

ಎರಡನೆಯ ಹೆಜ್ಜೆ: ವಿಂಗಡಣೆ

ಪಟ್ಟಿ ಸಿದ್ಧವಾದ ಮೇಲೆ ರಾಶಿಯನ್ನು ಮೂರಾಗಿ ಮಾಡಿಕೊಳ್ಳಬಹುದು. ಮೊದಲನೆಯದು ಹಿಂದಿ, ತಮಿಳು, ತೆಲುಗು, ಕನ್ನಡ ಚಿತ್ರಗೀತೆಗಳ ರಾಶಿ. ಇವು ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದಂಥವು. ಬೇರೆಡೆ ಪ್ರತಿ ಸಿಗುವ ಸಾಧ್ಯತೆ ಹೆಚ್ಚು. ಟೂರಿಂಗ್ ಟಾಕೀಸುಗಳಲ್ಲಿ ಆಟ ಆರಂಭವಾಗುವ ಸೂಚನೆಯಾಗಿ ಹಾಕುತ್ತಿದ್ದ, ಘಂಟಸಾಲ ಹಾಡಿದ ವೆಂಕಟೇಶ್ವರನ ಸ್ತುತಿಯಂಥ ತಟ್ಟೆಗಳು ನುಡಿಸಿ ನುಡಿಸಿ ಸವೆದಿರುತ್ತವೆ. ಎರಡನೆಯದು ಶಾಸ್ತ್ರೀಯ ಸಂಗೀತದ ರಾಶಿ. ಇವುಗಳಿಗೆ ದೇಶದೆಲ್ಲೆಡೆ ಸಂಗ್ರಾಹಕರಿದ್ದಾರೆ.

ಮೂರನೆಯದು ನಾಟಕದ ಹಾಡು, ರಂಗದ ಹಾಸ್ಯ ಸಂಭಾಷಣೆ, ಜನಪದ ಗೀತೆ, ಹರಿಕಥೆ, ಭಾಷಣಗಳ ರಾಶಿ. ಮನೆಯವರು ಸಾಮಾನ್ಯವಾಗಿ ಬೇಡವೆಂದು ಮೊದಲು ಎಸೆಯುವುದು ಇದನ್ನೇ. ಮೊದಲು ಕಾಪಾಡಬೇಕಾದದ್ದೂ ಇದನ್ನೇ. ಒಂದು ಭಾಷೆಯ ಒಂದು ಸೀಮೆಯ ಕೇಳುಗರಿಗಾಗಿ ಹೊರಟ ಇಂಥ ತಟ್ಟೆಗಳು ಚಿತ್ರಗೀತೆಗಳಷ್ಟು ಸಂಖ್ಯೆಯಲ್ಲಿ ಅಚ್ಚಾಗಲಿಲ್ಲ. ಕಂಪನಿಗಳ ಮೂಲ ಅಚ್ಚುಗಳೂ ಎಲ್ಲವೂ ಉಳಿದಿಲ್ಲ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಇಂದು ವೇದಿಕೆಗಳಲ್ಲಿ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಇಂಥ ಹಾಡುಗಳಿಗೆ ಹಿಂದೆ ಬೇರೆ ಧಾಟಿಗಳಿದ್ದವೇ ಎಂದು ತಿಳಿಯಲು ಹಳೆಯ ಧ್ವನಿಮುದ್ರಣಗಳಲ್ಲದೆ ಬೇರೆ ಸಾಕ್ಷ್ಯವಿಲ್ಲ.

ಕೆಲವು ತಟ್ಟೆಗಳು ಎರಡು ರಾಶಿಗಳಿಗೂ ಸಲ್ಲುತ್ತವೆ. 1954ರ ‘ಬೇಡರ ಕಣ್ಣಪ್ಪ’ ಚಲನಚಿತ್ರ ಗುಬ್ಬಿ ಕಂಪನಿಯ ರಂಗದಿಂದಲೇ ತೆರೆಗೆ ಬಂದ ಕಥೆ. ಅದರ ಹಾಡುಗಳು ಚಿತ್ರಗೀತೆಗಳೂ ಹೌದು, ರಂಗದ ಪರಂಪರೆಯ ಮುಂದುವರಿಕೆಯೂ ಹೌದು. ಒಂದು ನಾಟಕ ಹಲವು ತಟ್ಟೆಗಳ ಸೆಟ್ಟಾಗಿ ಬಂದಿದ್ದರೆ ಅವುಗಳನ್ನು ಯಾವ ಕಾರಣಕ್ಕೂ ಬಿಡಿಸಬಾರದು.

ತೊಳೆಯುವಾಗ ತಪ್ಪದಿರಲಿ

ಸದುದ್ದೇಶದಿಂದಲೇ ತಟ್ಟೆಗಳು ಹಾಳಾಗುವುದು ಈ ಹಂತದಲ್ಲಿ. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಮರಗೆಲಸದವರು ಪಾಲಿಷ್ ತಯಾರಿಸುವುದು ಈ ಗುಣವನ್ನು ಬಳಸಿಕೊಂಡೇ. ಆದ್ದರಿಂದ ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರವ ಇವ್ಯಾವುವನ್ನೂ ಅರಗಿನ ತಟ್ಟೆಗೆ ಸೋಕಿಸಬಾರದು. ಸ್ಪಿರಿಟಿನಿಂದ ಒರೆಸಿದ ತಟ್ಟೆಯ ಗೆರೆಗಳನ್ನು ಮತ್ತೆ ಸರಿಪಡಿಸುವ ಉಪಾಯವಿಲ್ಲ.

ಮೊದಲು ಮೆತ್ತನೆಯ ಒಣ ಕುಂಚದಿಂದ ಗೆರೆಗಳ ದಿಕ್ಕಿನಲ್ಲಿಯೇ ಧೂಳು ತೆಗೆಯಬೇಕು. ಬೂಷ್ಟು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಸೌಮ್ಯ ಸೋಪಿನ ದ್ರವ ಬೆರೆಸಿ, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ ಒರೆಸಿ, ಬಳಿಕ ಬರಿಯ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಬೇಕು. ನಡುವಿನ ಚೀಟಿ ನೆನೆಯಬಾರದು. ತಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಬಾರದು. ಒಡೆದ ತಟ್ಟೆಗೆ ಅಂಟು ಹಾಕದೆ, ಚೂರುಗಳನ್ನು ಒಂದೇ ಲಕೋಟೆಯಲ್ಲಿಟ್ಟು ತಜ್ಞರಿಗೆ ಬಿಡುವುದು ಲೇಸು.

ನುಡಿಸುವ ಆಸೆ

ಪೆಟ್ಟಿಗೆಯ ಜೊತೆಗೆ ಕೀ ಕೊಡುವ ಹಳೆಯ ಯಂತ್ರವೂ ಸಿಕ್ಕರೆ ಒಮ್ಮೆ ಹಾಕಿ ಕೇಳುವ ಆಸೆಯಾಗುವುದು ಸಹಜ. ಆದರೆ ಆ ಯಂತ್ರದ ಉಕ್ಕಿನ ಮುಳ್ಳು ತಟ್ಟೆಯ ಮೇಲೆ ಹೇರುವ ಭಾರ ಬಹಳ ಹೆಚ್ಚು. ಒಂದೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮ ಅಂದೂ ಇತ್ತು; ಪಾಲಿಸಿದವರು ಕಡಿಮೆ. ಅಪರೂಪದ ತಟ್ಟೆಯನ್ನು ಅದರಲ್ಲಿ ನುಡಿಸಬಾರದು. ಈಗಿನ ಟರ್ನ್‌ಟೇಬಲ್ ಸುರಕ್ಷಿತ. ಆದರೆ ಎಲ್‌ಪಿಯ ಮುಳ್ಳು ಇದಕ್ಕೆ ಹೊಂದುವುದಿಲ್ಲ. ಎಲ್‌ಪಿಗೆ ಸುಮಾರು 25 ಮೈಕ್ರಾನ್ ತುದಿಯ ಮುಳ್ಳು ಸಾಕಾದರೆ, 78ರ ಅಗಲ ಗೆರೆಗೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು.

ಇನ್ನೊಂದು ತೊಡಕೆಂದರೆ, ಆರಂಭದ ಕಾಲದ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲಿ ಮುದ್ರಣವಾದವಲ್ಲ. ವೇಗ ತಪ್ಪಿದರೆ ಶ್ರುತಿ ಏರಿ, ಗಂಡಸಿನ ಕಂಠ ಹೆಂಗಸಿನದಂತೆ ಕೇಳಿಸಬಹುದು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದ ರಂಗಗೀತೆಗಳಲ್ಲಿ ಇದು ನಿಜವಾದ ಗೊಂದಲಕ್ಕೆ ದಾರಿ ಮಾಡಿಕೊಡುತ್ತದೆ.

ಡಿಜಿಟಲ್ ಪ್ರತಿ ಮಾಡುವಾಗ 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಕಡತವಾಗಿ, ಸದ್ದು ಸೋಸದೆ ಮೂಲ ಪ್ರತಿಯನ್ನು ಮೊದಲು ಉಳಿಸಿಕೊಳ್ಳಬೇಕು. ಕರಕರ ಸದ್ದು ತೆಗೆದ ಪ್ರತಿಯನ್ನು ಆಮೇಲೆ ಬೇರೆಯಾಗಿ ಮಾಡಿಕೊಳ್ಳಬಹುದು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಕಾಗದದ ಹೊದಿಕೆ ಹಾಕಿ, ಬಿಸಿಲು ಬೀಳದ ಕಡೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಹತ್ತು ಅಂಗುಲದ ಒಂದು ತಟ್ಟೆ ಸುಮಾರು 200 ಗ್ರಾಂ ತೂಗುತ್ತದೆ. ಐವತ್ತು ತಟ್ಟೆಗಳೆಂದರೆ ಹತ್ತು ಕಿಲೋ. ಕಪಾಟಿನ ಹಲಗೆ ಗಟ್ಟಿಯಾಗಿರಲಿ.

ಹಕ್ಕು ಯಾರದು?

ತಟ್ಟೆ ಮನೆಯವರದಾದರೂ ಹಾಡಿನ ಹಕ್ಕು ಅವರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಅಂತ್ಯಕ್ಕೆ ಮುಗಿಯಿತು. ಆದರೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆಯೇ ಆಗಿದ್ದು, ಕರ್ತೃ ತೀರಿಕೊಂಡ ಬಳಿಕ 60 ವರ್ಷಗಳವರೆಗೆ ಉಳಿಯುತ್ತದೆ. ಅಂತರ್ಜಾಲದಲ್ಲಿ ಹಂಚುವ ಮುನ್ನ ಎರಡನ್ನೂ ಲೆಕ್ಕ ಹಾಕಬೇಕು.

ಹಣದ ಆಸೆಯಿಂದ ಪೆಟ್ಟಿಗೆ ತೆರೆದವರಿಗೆ ನಿರಾಸೆಯಾಗುವುದೇ ಹೆಚ್ಚು. ಬಹುಪಾಲು ತಟ್ಟೆಗಳಿಗೆ ದೊಡ್ಡ ಬೆಲೆಯಿಲ್ಲ. ಸ್ವತಃ ಇಟ್ಟುಕೊಳ್ಳಲಾಗದವರು ಪಟ್ಟಿಯನ್ನು ಮೊದಲು ತಿಳಿದವರಿಗೆ ತೋರಿಸಬಹುದು. ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಕೇಳಿಸುವ ಕೆಲಸ ಮಾಡಿದೆ. ಮೂಲ ತಟ್ಟೆಯನ್ನು ಕೊಡದೆ, ಪ್ರತಿ ಮಾಡಿಕೊಳ್ಳಲು ಮಾತ್ರ ಕೊಡುವ ದಾರಿಯನ್ನೂ ಕೇಳಿ ನೋಡಬಹುದು.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ, ಖರ್ಚೇ ಇಲ್ಲದ ಕೆಲಸವೊಂದಿದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಟ್ಟೆ ಎಲ್ಲಿ ಕೊಂಡದ್ದು, ಹಾಡಿದವರು ಯಾವ ಕಂಪನಿಯಲ್ಲಿದ್ದರು, ಆ ನಾಟಕವನ್ನು ತಾವು ಯಾವ ಊರಿನಲ್ಲಿ ನೋಡಿದ್ದು ಎಂದು ಕೇಳಿ ಬರೆದುಕೊಳ್ಳುವುದು. ಅರಗಿನ ತಟ್ಟೆ ಜೋಪಾನವಾಗಿಟ್ಟರೆ ಇನ್ನೂ ನೂರು ವರ್ಷ ಬಾಳೀತು. ಚೀಟಿ ಹರಿದ ತಟ್ಟೆಯ ಕಂಠವನ್ನು ಕೇಳಿದೊಡನೆ ಗುರುತಿಸಬಲ್ಲವರು ಅಷ್ಟು ಕಾಲ ಇರುವುದಿಲ್ಲ.