ಹಳೆಯ ಎಂಜಿನಿಗೆ ಮರುಜೀವ

ಹೊಲಗದ್ದೆಗಳಲ್ಲಿ ನೀರೆತ್ತುವ ಎಂಜಿನನ್ನು ನಮ್ಮಲ್ಲಿ ಕೆಲವರು ರಜೆಯಲ್ಲಿ ಊರಿಗೆ ಹೋದಾಗ ಕಂಡಿರಬಹುದು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮಗೆ ಅದರ ಪರಿಚಯವಾದುದು ವಸಯಿಯ ಬಾಳೆಯ ತೋಟವೊಂದರಲ್ಲಿ. ಬಾವಿಗೆ ವಿದ್ಯುತ್ ಪಂಪು ಬಂದ ಮೇಲೆ ಅಲ್ಲಿಯ ಎಂಜಿನು ತಗಡಿನ ಮಾಡಿನ ಕೆಳಗೆ ಹಲವು ಮಳೆಗಾಲಗಳನ್ನು ಕಳೆದು, ತುಕ್ಕು ಹಿಡಿದು, ಗುಜರಿಯವನ ತಕ್ಕಡಿಯನ್ನು ಇದಿರು ನೋಡುತ್ತಿದ್ದಿತು. ತೋಟದ ಒಡೆಯರಾದ ವೃದ್ಧ ರೈತರು ಅದನ್ನು ನಮ್ಮ ಶಾಲೆಗೆ ಕೊಡಲು ಒಪ್ಪಿದರು. ಹಣ ಬೇಡವೆಂದರು, ಆದರೆ ಒಂದು ಕರಾರನ್ನು ಹಾಕಿದರು. ಎಂಜಿನು ಮತ್ತೆ ಓಡಬೇಕು, ಓಡುವ ದಿನ ತಮ್ಮನ್ನು ಕರೆಯಬೇಕು. ಓಡದಿದ್ದರೆ ಗುಜರಿಗೇ ಹಾಕಬೇಕು. ಬಣ್ಣ ಬಳಿದು ಮೂಲೆಯಲ್ಲಿ ನಿಲ್ಲಿಸಕೂಡದು. ಆ ಕರಾರನ್ನು ನಾವು ಹೇಗೆ ನಡೆಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ನಿವೇದಿಸುತ್ತೇವೆ.

ತುಕ್ಕನ್ನು ಒರಸಿದಾಗ ಫಲಕದ ಮೇಲೆ ಕಿರ್ಲೋಸ್ಕರ್ ಎಂಬ ಹೆಸರೂ 'ಎ.ವಿ. 1' ಎಂಬ ಗುರುತೂ ಕಾಣಿಸಿದವು. ಈ ಹೆಸರಿಗೂ ಕನ್ನಡನಾಡಿಗೂ ಮುಂಬಯಿಗೂ ಹಳೆಯ ನಂಟು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯನ್ನು ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರಾದರೂ, ಕೆಲವು ಬಣ್ಣಗಳ ಭೇದ ಕಣ್ಣಿಗೆ ತಿಳಿಯದ ಕಾರಣ ಯಂತ್ರಗಳ ರೇಖಾಚಿತ್ರದ ಕಡೆಗೆ ತಿರುಗಿದರು. ಇಂದು ಮಾಟುಂಗಾದಲ್ಲಿರುವ ವಿ.ಜೆ.ಟಿ.ಐ. ಸಂಸ್ಥೆಯಲ್ಲಿ ಅವರು ಅಧ್ಯಾಪಕರಾಗಿದ್ದರು. ತರುವಾಯ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನಿಟ್ಟು, ಕಬ್ಬಿಣದ ನೇಗಿಲನ್ನು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ತೈಲ ಎಂಜಿನುಗಳ ಕಂಪನಿಯು ಪುಣೆಯಲ್ಲಿ 1946ರಲ್ಲಿ ಸ್ಥಾಪನೆಯಾಯಿತು.

ಇನ್ನು ಎಂಜಿನಿನ ವಿಚಾರ. ಎ.ವಿ. 1 ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನು. ಸಿಲಿಂಡರಿನ ವ್ಯಾಸ 80 ಮಿಲಿಮೀಟರು. ಪಿಸ್ಟನ್ ಚಲಿಸುವ ದೂರ 110 ಮಿಲಿಮೀಟರು. ನಿಮಿಷಕ್ಕೆ 1500 ಸುತ್ತು ತಿರುಗಿ 5 ಅಶ್ವಶಕ್ತಿಯನ್ನು ಕೊಡುತ್ತದೆ. ಇದರಲ್ಲಿ ಬೆಂಕಿಯ ಕಿಡಿಯನ್ನು ಹೊತ್ತಿಸುವ ಪ್ಲಗ್ ಇಲ್ಲ. ಹಾಗಾದರೆ ತೈಲ ಹೊತ್ತುವುದು ಹೇಗೆ? ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿ ಪಿಸ್ಟನ್ನು ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಒತ್ತುತ್ತದೆ. ಗಾಳಿಯ ಉಷ್ಣತೆಯು ಸುಮಾರು 500 ಡಿಗ್ರಿ ಸೆಲ್ಸಿಯಸಿಗೆ ಏರುತ್ತದೆ. ಆ ಕ್ಷಣದಲ್ಲಿ ಚಿಮ್ಮಿದ ತೈಲವು ತಾನಾಗಿಯೇ ಉರಿಯುತ್ತದೆ. ಈ ತತ್ತ್ವದ ಮೇಲೆ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರರು 1897ರಲ್ಲಿ ಮೊದಲ ಯಶಸ್ವೀ ಎಂಜಿನನ್ನು ಓಡಿಸಿ ತೋರಿಸಿದರು.

ಆದುದರಿಂದ ಇಂತಹ ಎಂಜಿನು ಓಡಲು ಮೂರು ಸಂಗತಿಗಳು ಕೂಡಿಬರಬೇಕು: ಒತ್ತಿದ ಗಾಳಿ ಸೋರಬಾರದು, ತೈಲವು ಮಂಜಿನಂತೆ ನುಣ್ಣಗೆ ಚಿಮ್ಮಬೇಕು, ಚಿಮ್ಮುವುದು ತಕ್ಕ ಕ್ಷಣದಲ್ಲಿಯೇ ಆಗಬೇಕು. ನಮ್ಮ ದುರಸ್ತಿಯ ಕೆಲಸವೆಲ್ಲವೂ ಈ ಮೂರನ್ನೇ ಹಿಂಬಾಲಿಸಿತು. ವಿಜ್ಞಾನದ ಅಧ್ಯಾಪಕರೂ, ರೇಲ್ವೆಯಲ್ಲಿ ಫಿಟರ್ ಆಗಿದ್ದ ಸಹಪಾಠಿಯೊಬ್ಬನ ತಂದೆಯವರೂ ಜತೆಯಲ್ಲಿದ್ದು ದಾರಿ ತೋರಿದರು.

ಮೊದಲ ದಿನ ನಮಗೆಲ್ಲ ಹ್ಯಾಂಡಲನ್ನು ತಿರುಗಿಸುವ ಅವಸರ. ಫಿಟರರು ತಡೆದರು. ಸಮುದ್ರದ ಉಪ್ಪುಗಾಳಿಗೆ ಪಿಸ್ಟನ್ನು ಸಿಲಿಂಡರಿಗೆ ಅಂಟಿಕೊಂಡಿದ್ದಿತು. ಬಲಾತ್ಕಾರದಿಂದ ತಿರುಗಿಸಿದರೆ ಉಂಗುರಗಳು ಮುರಿದು ಗೋಡೆಯನ್ನು ಗೀರುತ್ತವೆ. ತೈಲ ಚಿಮ್ಮಿಸುವ ಇಂಜೆಕ್ಟರನ್ನು ಕಳಚಿ, ಆ ರಂಧ್ರದ ಮೂಲಕ ಡೀಸೆಲನ್ನೂ ತೆಳ್ಳನೆಯ ಯಂತ್ರತೈಲವನ್ನೂ ಬೆರಸಿ ಹೊಯ್ದು, ಸುಮ್ಮನೆ ಕಾದೆವು. ದಿನಕ್ಕೊಮ್ಮೆ ಫ್ಲೈವೀಲನ್ನು ಮೆಲ್ಲನೆ ಆಚೀಚೆ ಅಲುಗಿಸಿ ನೋಡುವುದಷ್ಟೇ ಕೆಲಸ. ಹತ್ತನೆಯ ದಿನ ಅದು ಒಂದು ಬೆರಳಿನಷ್ಟು ಸರಿಯಿತು. ಆ ಒಂದು ಬೆರಳಿನಷ್ಟು ಚಲನೆಗೆ ನಾವು ಕೂಗಿದ ಕೂಗಿಗೆ ಪಕ್ಕದ ತರಗತಿಯವರು ಹೊರಗೆ ಬಂದು ನೋಡಿದರು.

ತರುವಾಯ ಬಿಚ್ಚುವ ಕಾರ್ಯ. ಬೋಲ್ಟುಗಳನ್ನು ರಟ್ಟಿನ ಹಾಳೆಯಲ್ಲಿ ಅವು ಇದ್ದ ಕ್ರಮದಲ್ಲಿಯೇ ಚುಚ್ಚಿಟ್ಟೆವು. ಸಣ್ಣ ಭಾಗಗಳಿಗೆ ಡಬ್ಬಿಗಳು, ಡಬ್ಬಿಗಳಿಗೆ ಚೀಟಿಗಳು. ಸಿಲಿಂಡರಿನ ಒಳವ್ಯಾಸವನ್ನು ಮೇಲೆಯೂ ಕೆಳಗೂ ಅಳೆದಾಗ ಮೇಲ್ಭಾಗವು ಹೆಚ್ಚು ಸವೆದಿದ್ದುದು ತಿಳಿಯಿತು. ಅಲ್ಲಿ ಶಾಖ ಅಧಿಕ, ಎಣ್ಣೆ ಕಡಿಮೆ. ಆದುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ನಾಗದೇವಿ ಬೀದಿಯ ಅಂಗಡಿಗಳಲ್ಲಿ ಅಲೆದು ಹೊಸ ಲೈನರ್, ಪಿಸ್ಟನ್, ಉಂಗುರಗಳನ್ನು ತಂದೆವು. ಉಂಗುರವನ್ನು ಸಿಲಿಂಡರಿನೊಳಗಿಟ್ಟು ಅದರ ಎರಡು ತುದಿಗಳ ನಡುವಣ ಎಡೆಯನ್ನು ಅಳೆಯಬೇಕು. ಎಡೆಯೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ಉಂಗುರ ಬಿಗಿದು ಮುರಿಯುತ್ತದೆ. ಅತಿಯಾದರೆ ಗಾಳಿ ಸೋರುತ್ತದೆ. ವಾಲ್ವುಗಳನ್ನು ಪೇಸ್ಟು ಹಚ್ಚಿ ಅವುಗಳ ಪೀಠಕ್ಕೆ ತಿಕ್ಕಿ ಕೂಡಿಸಿ, ಮೇಲಿನಿಂದ ಡೀಸೆಲನ್ನು ಹೊಯ್ದು ನೋಡಿದೆವು. ಒಂದು ಹನಿಯೂ ಕೆಳಗಿಳಿಯದಿದ್ದಾಗ ಮೊದಲನೆಯ ಸಂಗತಿ ಕೈಗೂಡಿತೆಂದು ನಂಬಿದೆವು.

ಎರಡನೆಯದನ್ನು ನಾವು ಮುಟ್ಟಲಿಲ್ಲ. ಇಂಜೆಕ್ಟರಿನಿಂದ ತೈಲವು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡದಲ್ಲಿ ಹೊರಡುತ್ತದೆ. ಆ ಎಳೆಗೆ ಕೈಯೊಡ್ಡಿದರೆ ಅದು ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದಂತಹ ಅಪಾಯ. ಆದುದರಿಂದ ಇಂಜೆಕ್ಟರನ್ನೂ ತೈಲದ ಪಂಪನ್ನೂ ಪರಿಣತರ ಕಾರ್ಯಾಗಾರಕ್ಕೆ ಒಪ್ಪಿಸಿದೆವು.

ಎಲ್ಲವನ್ನೂ ಜೋಡಿಸಿದ ಮೇಲೆ ವಸಯಿಯ ರೈತರಿಗೆ ಕರೆ ಹೋಯಿತು. ಅವರು ಮೊಮ್ಮಗನೊಡನೆ ರೈಲಿನಲ್ಲಿ ಬಂದು, ಅಂಗಳದಲ್ಲಿ ಕುರ್ಚಿಯ ಮೇಲೆ ಕುಳಿತರು. ನೀರು ಹರಿಯುತ್ತಿದ್ದಿತು, ತೈಲದ ಕೊಳವೆಯಿಂದ ಗಾಳಿಯ ಗುಳ್ಳೆಗಳನ್ನು ತೆಗೆದಿದ್ದೆವು, ಎಂಜಿನು ಅಂಕೆ ಮೀರಿ ಓಡಿದರೆ ಗಾಳಿಯ ಬಾಯನ್ನು ಮುಚ್ಚಲು ಒಬ್ಬ ಹಲಗೆ ಹಿಡಿದು ನಿಂತಿದ್ದ. ಫಿಟರರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು ಹ್ಯಾಂಡಲನ್ನು ಹಿಡಿದರು. ಎಂಜಿನು ಹಿಂದಕ್ಕೆ ಒದೆದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುವುದು. ವಾಲ್ವನ್ನು ಎತ್ತಿಹಿಡಿಯುವ ಸನ್ನೆಯನ್ನು ಬಿಟ್ಟೊಡನೆ ಎಂಜಿನು ಎರಡು ಸಲ ಕೆಮ್ಮಿ, ಕಪ್ಪು ಹೊಗೆಯನ್ನುಗುಳಿ, ಓಡತೊಡಗಿತು. ನಾವು ಚಪ್ಪಾಳೆ ತಟ್ಟಿದೆವು.

ರೈತರು ತಟ್ಟಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಇದು ತಮ್ಮ ಎಂಜಿನಿನ ಸದ್ದಲ್ಲವೆಂದೂ ಬಡಿತ ತಡವಾಗಿ ಬೀಳುತ್ತಿದೆಯೆಂದೂ ಮರಾಠಿಯಲ್ಲಿ ಹೇಳಿದರು. ಎಂಜಿನನ್ನು ನಿಲ್ಲಿಸಿದೆವು. ತಪ್ಪು ಮೂರನೆಯ ಸಂಗತಿಯಲ್ಲಿದ್ದಿತು. ತೈಲದ ಪಂಪಿನ ಬುಡದಲ್ಲಿ ತೆಳ್ಳನೆಯ ಲೋಹದ ಹಾಳೆಗಳಿರುತ್ತವೆ. ಹಾಳೆ ಹೆಚ್ಚಿದರೆ ಪಂಪು ಮೇಲೇರಿ ತೈಲ ತಡವಾಗಿ ಹೊರಡುತ್ತದೆ. ಪಿಸ್ಟನ್ನು ತುದಿ ಮುಟ್ಟುವುದಕ್ಕೆ 23 ಡಿಗ್ರಿ ಮುಂಚಿತವಾಗಿ ತೈಲ ಹೊರಡಬೇಕು. ಪೂರ್ಣವೇಗದಲ್ಲಿ ಇದು ಒಂದು ಸೆಕೆಂಡಿನ ಸುಮಾರು ನಾನೂರರಲ್ಲಿ ಒಂದು ಪಾಲು. ಬೋಲ್ಟುಗಳಿಗೆಲ್ಲ ಚೀಟಿ ಬರೆದಿದ್ದ ನಾವು ಈ ಹಾಳೆಗಳನ್ನು ಮಾತ್ರ ಎಣಿಸಿರಲಿಲ್ಲ. ಜೋಡಿಸುವಾಗ ಒಂದನ್ನು ಹೆಚ್ಚಾಗಿ ಸೇರಿಸಿದ್ದೆವು. ನಮ್ಮ ಅಳತೆಗಳಿಗೆ ಸಿಕ್ಕದೆ ಹೋದ ಆ ತಪ್ಪು ಓದುಬರಹ ಹೆಚ್ಚಾಗಿ ಕಲಿಯದ ಒಬ್ಬ ರೈತರ ಕಿವಿಗೆ ಸಿಕ್ಕಿತು.

ಹಾಳೆಯನ್ನು ತೆಗೆದು ಮತ್ತೆ ಓಡಿಸಿದಾಗ ಹೊಗೆ ತಿಳಿಯಾಯಿತು. ಬಡಿತ ಒಂದೇ ಸಮನಾಯಿತು. ರೈತರು ಕುರ್ಚಿಯಿಂದೆದ್ದು ಬಂದು, ಓಡುತ್ತಿದ್ದ ಎಂಜಿನಿನ ನೀರಿನ ಕೊಳವೆಯನ್ನು ಕೈಯಿಂದ ಮುಟ್ಟಿ ಅದರ ಬಿಸಿಯನ್ನು ನೋಡಿ, ತಲೆಯಾಡಿಸಿದರು.

ಮುಂದಿನ ವರ್ಷದ ವಿದ್ಯಾರ್ಥಿಗಳು ಇದಕ್ಕೆ ಪಂಪನ್ನು ಜೋಡಿಸಿ ಶಾಲೆಯ ಗಿಡಗಳಿಗೆ ನೀರೆತ್ತಲಿದ್ದಾರೆ. ಅವರಿಗಾಗಿ ಒಂದು ವಹಿಯನ್ನು ಇಟ್ಟಿದ್ದೇವೆ. ಹಾಳೆಗಳು ಎಷ್ಟಿರಬೇಕೆಂಬುದು ಅದರ ಮೊದಲ ಪುಟದಲ್ಲಿಯೇ ಇದೆ.